ಎಣ್ಣೆಯ ಗುಣವನ್ನು ಅಳೆಯುವುದು ಹೇಗೆ?

ತರಗತಿ: 9 ಮತ್ತು 10
ಪಾಠ್ಯಾಂಶ: ಇಂಗಾಲದ ಸಂಯುಕ್ತಗಳು – ಪೂರಕ ಅಧ್ಯಯನ
ಅವಧಿ: 2

ಉದ್ದೇಶಗಳು
1. ಆಮ್ಲ ಸಂಖ್ಯೆ, ಸಾಬೂನೀಕರಣ ಸಂಖ್ಯೆ, ಅಯೋಡಿನ್ ಸಂಖ್ಯೆ – ಈ ಮೂರರ ಅರ್ಥವನ್ನು ವಿದ್ಯಾರ್ಥಿಯು ಹೇಳುವನು.
2. ಎಣ್ಣೆಯ ಆಮ್ಲ ಸಂಖ್ಯೆಯನ್ನು ಅನುಮಾಪನದಿಂದ ಕಂಡುಹಿಡಿಯುವನು.
3. ಒಂದು ಸಂಖ್ಯೆಯಿಂದ ಏನನ್ನು ಹೇಳಬಹುದು, ಏನನ್ನು ಹೇಳಲಾಗದು ಎಂಬುದನ್ನು ವಿವೇಚಿಸುವನು.

ಪೀಠಿಕೆ
ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳ ನಮ್ಮ ಮಕ್ಕಳಿಗೆ ಒಂದೇ ವಸ್ತುವಿಗೆ ಎರಡು ಹೆಸರುಗಳು ಗೊತ್ತು. ಮನೆಯಲ್ಲಿ ಅಗಸೆ, ಪೇಟೆಯಲ್ಲಿ ಜವಸ. ಮನೆಯಲ್ಲಿ ಎಳ್ಳು, ಪೇಟೆಯಲ್ಲಿ ತೀಳ. ಮನೆಯ ಕುಸುಬಿಯು ಪೇಟೆಯ ಮರಾಠಿಯಲ್ಲಿ ‘ಕರಡಿ’ ಆಗುತ್ತದೆ. ‘ಕರಡಿ ಎಣ್ಣೆ’ ಎಂದೊಡನೆ ಕನ್ನಡ ತರಗತಿಯಲ್ಲಿ ನಗು ಏಳುವುದು ಸಹಜ. ಆ ನಗುವನ್ನು ಅಡಗಿಸಬೇಕಾಗಿಲ್ಲ. ಪಾಠವನ್ನು ಅಲ್ಲಿಂದಲೇ ಆರಂಭಿಸಬಹುದು. ಹೆಸರು ಎರಡಾದರೂ ಎಣ್ಣೆ ಒಂದೇ ಎಂದು ತಿಳಿಯುವುದು ಹೇಗೆ? ಹೆಸರು ಒಂದೇ ಇದ್ದು ಡಬ್ಬಿಯೊಳಗಿನ ಎಣ್ಣೆ ಬೇರೆಯಾಗಿದ್ದರೆ ಅದನ್ನು ತಿಳಿಯುವುದು ಹೇಗೆ? ಎರಡನೆಯ ಪ್ರಶ್ನೆಯು ಪ್ರತಿಯೊಂದು ಮನೆಯ ಅಡುಗೆಗೆ ಸಂಬಂಧಿಸಿದ್ದು. ಬಣ್ಣ, ವಾಸನೆಗಳಿಂದ ಇದಕ್ಕೆ ಖಚಿತವಾದ ಉತ್ತರ ದೊರೆಯದು.

ವಿಷಯ ವಿವರಣೆ
ಎಣ್ಣೆಯ ಅಣುವಿನಲ್ಲಿ ಒಂದು ಗ್ಲಿಸರಾಲ್ ಘಟಕಕ್ಕೆ ಮೂರು ಮೇದಾಮ್ಲಗಳು ಜೋಡಿಸಿಕೊಂಡಿರುತ್ತವೆ. (ಮೇದಾಮ್ಲ ಎಂಬ ಪದ ಮರಾಠಿಯಲ್ಲಿಯೂ ಇದೇ ರೂಪದಲ್ಲಿದೆ. ನಮ್ಮ ‘ಪರ್ಯಾಪ್ತ’ಕ್ಕೆ ಮಾತ್ರ ಅಲ್ಲಿ ‘ಸಂಪೃಕ್ತ’ ಎನ್ನುವರು. ಮುಂದೆ ಮರಾಠಿ ಮಾಧ್ಯಮದಲ್ಲಿ ಓದುವವರಿಗೆ ಇದನ್ನು ತಿಳಿಸಿರಿ.) ಎಣ್ಣೆ ಎಣ್ಣೆಗೂ ಇರುವ ಭೇದವೆಲ್ಲ ಮುಖ್ಯವಾಗಿ ಈ ಮೇದಾಮ್ಲಗಳ ಭೇದವೇ. ಅವುಗಳ ಸರಪಳಿ ಎಷ್ಟು ಉದ್ದ? ಅದರಲ್ಲಿ ದ್ವಿಬಂಧಗಳು ಎಷ್ಟು? ಗ್ಲಿಸರಾಲಿನಿಂದ ಬೇರ್ಪಟ್ಟ ಆಮ್ಲ ಎಷ್ಟು? ಈ ಮೂರು ಪ್ರಶ್ನೆಗಳಿಗೆ ಮೂರು ಸಂಖ್ಯೆಗಳು ಉತ್ತರ ಕೊಡುತ್ತವೆ.

ಸಾಬೂನೀಕರಣ ಸಂಖ್ಯೆ: 1 ಗ್ರಾಂ ಎಣ್ಣೆಯನ್ನು ಪೂರ್ಣವಾಗಿ ಸಾಬೂನಾಗಿಸಲು ಬೇಕಾಗುವ ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ಮಿಲಿಗ್ರಾಂ ಪ್ರಮಾಣ. ಸರಪಳಿ ಗಿಡ್ಡದಾದಷ್ಟೂ ಈ ಸಂಖ್ಯೆ ದೊಡ್ಡದು. ಕೊಬ್ಬರಿ ಎಣ್ಣೆಗೆ ಇದು 250ಕ್ಕೆ ಕಡಿಮೆ ಇರಬಾರದು. ಶೇಂಗಾ ಎಣ್ಣೆಗೆ 188–196. ಖನಿಜ ಎಣ್ಣೆಯು ಸಾಬೂನಾಗುವುದಿಲ್ಲ. ಆದ್ದರಿಂದ ಅದು ಬೆರೆತಾಗ ಸಂಖ್ಯೆ ಇಳಿಯುತ್ತದೆ.

ಅಯೋಡಿನ್ ಸಂಖ್ಯೆ: 100 ಗ್ರಾಂ ಎಣ್ಣೆಯು ಹೀರಿಕೊಳ್ಳುವ ಅಯೋಡಿನ್‌ನ ಗ್ರಾಂ ಪ್ರಮಾಣ. ದ್ವಿಬಂಧ ಹೆಚ್ಚಾದಷ್ಟೂ ಸಂಖ್ಯೆ ಹೆಚ್ಚು. 1884ರಲ್ಲಿ ಹ್ಯೂಬ್ಲ್ ಎಂಬ ವಿಜ್ಞಾನಿಯು ಈ ವಿಧಾನವನ್ನು ಪ್ರಕಟಿಸಿದನು. ಭಾರತದ ಆಹಾರ ಮಾನಕಗಳಲ್ಲಿ ರೂಢವಾಗಿರುವ ಮಿತಿಗಳು ಹೀಗಿವೆ:
ಕೊಬ್ಬರಿ: 7.5–10
ಶೇಂಗಾ: 85–99
ಎಳ್ಳು: 105–115
ಸೋಯಾಬೀನ್: 120–141
ಕುಸುಬಿ: 135–148

ಆಮ್ಲ ಸಂಖ್ಯೆ: 1 ಗ್ರಾಂ ಎಣ್ಣೆಯಲ್ಲಿ ಬಿಡಿಯಾಗಿರುವ ಮೇದಾಮ್ಲವನ್ನು ತಟಸ್ಥಗೊಳಿಸಲು ಬೇಕಾಗುವ ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ಮಿಲಿಗ್ರಾಂ ಪ್ರಮಾಣ. ತೇವ, ಹಳೆಯ ಬೀಜ, ಪದೇ ಪದೇ ಕರಿಯುವುದು – ಇವುಗಳಿಂದ ಇದು ಏರುತ್ತದೆ.

ಚಟುವಟಿಕೆ: ಆಮ್ಲ ಸಂಖ್ಯೆಯ ಮಾಪನ
ಒಂದು ಹೊಸ ಎಣ್ಣೆ, ಒಂದು ಹಲವು ಬಾರಿ ಕರಿದ ಎಣ್ಣೆ – ಹೀಗೆ ಎರಡು ಮಾದರಿಗಳನ್ನು ತರಿಸಿರಿ.
1. 50 ಮಿ.ಲೀ. ಆಲ್ಕೋಹಾಲಿಗೆ ಕೆಲವು ಹನಿ ಫಿನಾಲ್ಫ್ತಲೀನ್ ಹಾಕಿ, ನಸುಗುಲಾಬಿ ಬರುವವರೆಗೆ ಮಾತ್ರ ಕ್ಷಾರವನ್ನು ಹನಿಸಿರಿ. ಆಲ್ಕೋಹಾಲಿನ ಸ್ವಂತ ಆಮ್ಲವು ಲೆಕ್ಕದಲ್ಲಿ ಸೇರದಿರಲು ಈ ಕ್ರಮ.
2. ಇದನ್ನು 10 ಗ್ರಾಂ ಎಣ್ಣೆಗೆ ಸೇರಿಸಿ, ಫ್ಲಾಸ್ಕನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗಾಗಿಸಿರಿ. ಹತ್ತಿರದಲ್ಲಿ ಉರಿ ಇರಕೂಡದು.
3. ಬ್ಯೂರೆಟ್ಟಿನಿಂದ 0.1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡನ್ನು ಹನಿಸುತ್ತ ಚೆನ್ನಾಗಿ ಕುಲುಕಿರಿ. ಗುಲಾಬಿ ಬಣ್ಣವು 30 ಸೆಕೆಂಡು ನಿಂತರೆ ಅದೇ ಅಂತ್ಯಬಿಂದು.
4. ಆಮ್ಲ ಸಂಖ್ಯೆ = 56.1 × ಕ್ಷಾರದ ಮಿ.ಲೀ. × ನಾರ್ಮಾಲಿಟಿ ÷ ಎಣ್ಣೆಯ ಗ್ರಾಂ.

ಉದಾಹರಣೆಗೆ, 3 ಮಿ.ಲೀ. ಕ್ಷಾರ ವ್ಯಯವಾದರೆ 56.1 × 3 × 0.1 ÷ 10 = 1.68. ಎರಡೂ ಮಾದರಿಗಳನ್ನು ಮೂರು ಮೂರು ಸಲ ಅಳೆಯಿಸಿ ಸರಾಸರಿ ತೆಗೆಸಿರಿ. ಅಯೋಡಿನ್ ಸಂಖ್ಯೆಗೆ ಬಳಸುವ ವಿಜ್ಸ್ ದ್ರಾವಣವು ಚರ್ಮವನ್ನು ಸುಡುವಂಥದು. ಅದನ್ನು ಶಾಲೆಯಲ್ಲಿ ಮಾಡಿಸಬಾರದು.

ವಿವೇಚನೆ: ಸಂಖ್ಯೆಯ ಮಿತಿ
ಈ ಪಾಠದ ಮುಖ್ಯ ಭಾಗವಿದು. ಕಪ್ಪುಹಲಗೆ, ಸೀಮೆಸುಣ್ಣ ಸಾಕು. ಮಿಶ್ರಣದ ಅಯೋಡಿನ್ ಸಂಖ್ಯೆಯು ಅದರ ಭಾಗಗಳ ಸರಾಸರಿ. ಶೇಂಗಾ ಎಣ್ಣೆಯ ಸಂಖ್ಯೆ 90, ಸೋಯಾಬೀನ್ ಎಣ್ಣೆಯದು 130 ಎಂದು ಹಿಡಿಯಿರಿ. ನೂರರಲ್ಲಿ 20 ಪಾಲು ಸೋಯಾಬೀನ್ ಬೆರೆಸಿದರೆ 72 + 26 = 98. ಇದು ಶೇಂಗಾದ ಮಿತಿಯೊಳಗೇ ಇದೆ! ಇನ್ನೊಂದು ಲೆಕ್ಕ: ತಾಳೆ ಎಣ್ಣೆಯ ಸಂಖ್ಯೆ 52 ಇರಲಿ. ಅದನ್ನೂ ಸೋಯಾಬೀನನ್ನೂ ಸಮ ಪಾಲಿನಲ್ಲಿ ಬೆರೆಸಿದರೆ 26 + 65 = 91. ಒಂದು ಕಾಳು ಶೇಂಗಾ ಇಲ್ಲದೆಯೂ ಸಂಖ್ಯೆ ಶೇಂಗಾದ್ದೇ.

ಕುಸುಬಿಯ ಸಂಗತಿ ನಮಗೆ ಇನ್ನೂ ಹತ್ತಿರದ್ದು. ಇಲ್ಲಿ ಮುಂಗಾರಿಗೆ ಸೋಯಾಬೀನ್, ಹಿಂಗಾರಿಗೆ ಕುಸುಬಿ. ಮೇಲಿನ ಪಟ್ಟಿಯಲ್ಲಿ ಈ ಎರಡರ ಮಿತಿಗಳು 135ರಿಂದ 141ರವರೆಗೆ ಒಂದರ ಮೇಲೊಂದು ಬರುತ್ತವೆ. ಆದ್ದರಿಂದ ಇವೆರಡರ ಮಿಶ್ರಣವನ್ನು ಅಯೋಡಿನ್ ಸಂಖ್ಯೆಯೊಂದರಿಂದಲೇ ಹಿಡಿಯಲಾಗದು.

ಇಲ್ಲಿ ಗ್ಯಾಸ್ ಕ್ರೊಮ್ಯಾಟೊಗ್ರಫಿ ನೆರವಿಗೆ ಬರುತ್ತದೆ. 1952ರಲ್ಲಿ ಜೇಮ್ಸ್ ಮತ್ತು ಮಾರ್ಟಿನ್ ಎಂಬ ಬ್ರಿಟಿಷ್ ವಿಜ್ಞಾನಿಗಳು ಮೇದಾಮ್ಲಗಳನ್ನೇ ಬೇರ್ಪಡಿಸಿ ಈ ವಿಧಾನವನ್ನು ತೋರಿಸಿದರು. ಇದು ಸರಾಸರಿಯನ್ನು ಕೊಡದೆ, ಪ್ರತಿಯೊಂದು ಮೇದಾಮ್ಲದ ಪಾಲನ್ನು ಬೇರೆ ಬೇರೆಯಾಗಿ ತೋರಿಸುತ್ತದೆ. ಸಾಮಾನ್ಯ ಕುಸುಬಿ ಎಣ್ಣೆಯಲ್ಲಿ ಸುಮಾರು ಮುಕ್ಕಾಲು ಪಾಲು ಲಿನೋಲಿಕ್ ಆಮ್ಲ. ಲಿನೋಲೆನಿಕ್ ಆಮ್ಲ ಇಲ್ಲವೆನ್ನುವಷ್ಟು ಕಡಿಮೆ. ಸೋಯಾಬೀನಿನಲ್ಲಿ ಲಿನೋಲೆನಿಕ್ ಆಮ್ಲ ನೂರಕ್ಕೆ 7ರ ಆಸುಪಾಸು. ಈ ಒಂದು ಆಮ್ಲವೇ ಬೆರಕೆಯ ಸಾಕ್ಷಿ.

ಶಿಕ್ಷಕರಿಗೆ ಸೂಚನೆಗಳು
• ಕ್ಷಾರ ದ್ರಾವಣವನ್ನು ಶಿಕ್ಷಕರೇ ತಯಾರಿಸಬೇಕು. ಕಣ್ಣಿಗೆ ರಕ್ಷಣಾ ಕನ್ನಡಕ ಕಡ್ಡಾಯ.
• ಮಾದರಿಯ ಶೀಸೆಯ ಮೇಲೆ ಅಂಗಡಿಯ ಅಥವಾ ಗಾಣದ ಹೆಸರನ್ನು ಬರೆಸಬೇಡಿರಿ. ‘ಅ’, ‘ಆ’ ಎಂದು ಗುರುತಿಸಿರಿ. ಆಮ್ಲ ಸಂಖ್ಯೆ ಹೆಚ್ಚಿದ್ದರೆ ಎಣ್ಣೆ ಕೆಡುತ್ತಿದೆ ಎಂದಷ್ಟೇ ಅರ್ಥ, ಕಲಬೆರಕೆಯಾಗಿದೆ ಎಂದಲ್ಲ. ಊರಿನ ಗಾಣಿಗನೊಬ್ಬನ ಹೆಸರು ನಮ್ಮ ತರಗತಿಯ ಅರ್ಧ ತಿಳಿವಳಿಕೆಯಿಂದ ಕೆಡಬಾರದು. ಸಂಶಯವಿದ್ದರೆ ಆಹಾರ ಸುರಕ್ಷತಾ ಅಧಿಕಾರಿಗೆ ತಿಳಿಸುವುದೇ ಸರಿಯಾದ ಮಾರ್ಗ.
• ಚೀಟಿಯಲ್ಲಿ ನಮೂದಿಸಿ ನಿಯಮದಂತೆ ಮಾರುವ ಮಿಶ್ರ ಎಣ್ಣೆಯು ಕಲಬೆರಕೆಯಲ್ಲ ಎಂಬುದನ್ನೂ ತಿಳಿಸಿರಿ.

ಮೌಲ್ಯಮಾಪನ
1. ಕೊಬ್ಬರಿ ಎಣ್ಣೆಯ ಅಯೋಡಿನ್ ಸಂಖ್ಯೆ ಕಡಿಮೆ ಇರಲು ಕಾರಣವೇನು?
2. 60 ಪಾಲು ಶೇಂಗಾ (90), 40 ಪಾಲು ಸೋಯಾಬೀನ್ (130) ಬೆರೆಸಿದ ಎಣ್ಣೆಯ ಅಯೋಡಿನ್ ಸಂಖ್ಯೆ ಎಷ್ಟು? ಇದು ಪಟ್ಟಿಯ ಯಾವ ಎಣ್ಣೆಯನ್ನು ಹೋಲುತ್ತದೆ? ಇದನ್ನು ಆ ಎಣ್ಣೆ ಎಂದು ಹೇಳಬಹುದೇ?
3. ನಿಮ್ಮ ಮನೆಯ ಎಣ್ಣೆಯ ಬಗ್ಗೆ ಆಮ್ಲ ಸಂಖ್ಯೆಯು ಹೇಳುವ ಒಂದು ಸಂಗತಿಯನ್ನೂ ಹೇಳಲಾಗದ ಒಂದು ಸಂಗತಿಯನ್ನೂ ಬರೆಯಿರಿ.

ಮೂರನೆಯ ಪ್ರಶ್ನೆಗೆ ಸರಿಯಾಗಿ ಉತ್ತರಿಸಿದ ವಿದ್ಯಾರ್ಥಿಯು ಈ ಪಾಠವನ್ನು ಕಲಿತನೆಂದು ತಿಳಿಯಬಹುದು.