ಹಚ್ಚೆ ಅಳಿಸುವ ಮುನ್ನ: ಲೇಸರ್ ಚಿಕಿತ್ಸೆಯಲ್ಲಿ ಏನಾಗುತ್ತದೆ?



ಕಮರಿಪೇಟೆಯ ಮಹಿಳಾ ಸ್ವಸಹಾಯ ಸಂಘದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಸದಸ್ಯೆಯೊಬ್ಬರು ಐದು ಸಾವಿರ ರೂಪಾಯಿ ಸಾಲ ಕೇಳಿದರು. ಕಾರಣ ಹೇಳಲು ಮೊದಲು ಹಿಂಜರಿದರು. ಆಮೇಲೆ ಹೇಳಿದ್ದು ಹೀಗೆ: "ನನ್ನ ಮಗ ಮಿಲಿಟ್ರಿ ಭರ್ತಿಗೆ ತಯಾರಿ ನಡಸ್ಯಾನ್ರೀ ಸಿಸ್ಟರ್. ಜಾತ್ರ್ಯಾಗ ಕೈಮ್ಯಾಲೆ ಹೆಸರು ಬರಿಸ್ಕೊಂಡಾನ. ಅದು ಇದ್ರ ತಗೊಳ್ಳೂದಿಲ್ಲ ಅಂತ ಗೆಳ್ಯಾರು ಹೇಳ್ಯಾರ. ಒಂದ ಸಲ ಲೇಸರ್ ಹೊಡಿಸಿದ್ರ ಹೋಗ್ತೈತಂತ. ಇನ್ನ ಎರಡ ತಿಂಗಳದಾಗ ಭರ್ತಿ ಐತ್ರೀ."

ಆ ತಾಯಿಯ ಮಾತಿನಲ್ಲಿ ಮೂರು ನಂಬಿಕೆಗಳಿದ್ದವು. ಹಚ್ಚೆ ಇದ್ದರೆ ಸೈನ್ಯಕ್ಕೆ ಸೇರಿಸಿಕೊಳ್ಳುವುದಿಲ್ಲ ಎಂಬುದು ಒಂದು. ಲೇಸರ್ ಒಂದೇ ಸಲಕ್ಕೆ ಹಚ್ಚೆಯನ್ನು ಅಳಿಸುತ್ತದೆ ಎಂಬುದು ಎರಡು. ಎರಡು ತಿಂಗಳು ಸಾಕು ಎಂಬುದು ಮೂರು. ಮೊದಲನೆಯದು ಅರ್ಧ ಸತ್ಯ, ಉಳಿದೆರಡು ತಪ್ಪು. ಈ ತಪ್ಪು ತಿಳುವಳಿಕೆಯಿಂದ ಮನೆಗೆ ಸಾಲವೂ ಮಗನ ಕೈಗೆ ಕಲೆಯೂ ಉಳಿಯಬಾರದು ಎಂದು ಈ ಪಾಠವನ್ನು ಬರೆಯುತ್ತಿದ್ದೇವೆ.

ಮೊದಲು ನಿಯಮ ಓದೋಣ

ಭಾರತೀಯ ಭೂಸೇನೆಯ ಭರ್ತಿ ಪ್ರಕಟಣೆಗಳಲ್ಲಿ ಹಚ್ಚೆಯ ಬಗ್ಗೆ ಸ್ಪಷ್ಟವಾಗಿ ಬರೆದಿರುತ್ತದೆ. ಮೊಣಕೈಯ ಒಳಭಾಗದಿಂದ ಮಣಿಕಟ್ಟಿನವರೆಗೆ, ಅಂದರೆ ಮುಂಗೈಯ ಒಳಮೈ ಮೇಲೆ, ಮತ್ತು ಅಂಗೈಯ ಹಿಂಬದಿಯಲ್ಲಿ ಶಾಶ್ವತ ಹಚ್ಚೆ ಇದ್ದರೆ ಅಡ್ಡಿಯಿಲ್ಲ. ತೋಳು, ಎದೆ, ಕುತ್ತಿಗೆ, ಬೆನ್ನು ಮುಂತಾದ ಕಡೆ ಇದ್ದರೆ ಒಪ್ಪುವುದಿಲ್ಲ. ಬುಡಕಟ್ಟು ಸಮುದಾಯಗಳವರಿಗೆ ಅವರ ಸಂಪ್ರದಾಯದ ಪ್ರಕಾರ ವಿನಾಯಿತಿ ಇದೆ.

ಬಿಎಸ್‌ಎಫ್, ಸಿಆರ್‌ಪಿಎಫ್‌ನಂಥ ಕೇಂದ್ರ ಪಡೆಗಳ ನಿಯಮ ಸ್ವಲ್ಪ ಬೇರೆ. ಅಲ್ಲಿ ಧಾರ್ಮಿಕ ಚಿಹ್ನೆ ಅಥವಾ ಹೆಸರಿನ ಹಚ್ಚೆಗೆ ಅವಕಾಶವಿದೆ. ಆದರೆ ಅದು ಎಡ ಮುಂಗೈಯ ಒಳಮೈ ಮೇಲೆ ಅಥವಾ ಅಂಗೈಯ ಹಿಂಬದಿಯಲ್ಲಿ ಇರಬೇಕು, ಆ ಭಾಗದ ಕಾಲು ಪಾಲಿಗಿಂತ ಚಿಕ್ಕದಾಗಿರಬೇಕು. ಬಲಗೈ ಸೆಲ್ಯೂಟ್ ಮಾಡುವ ಕೈಯಾದ್ದರಿಂದ ಈ ಕಟ್ಟುಪಾಡು.

ಆದ್ದರಿಂದ ಅಳಿಸುವ ಯೋಚನೆಗೆ ಮುಂಚೆ ನೀವು ಅರ್ಜಿ ಹಾಕುವ ವರ್ಷದ ಪ್ರಕಟಣೆಯನ್ನು ತರಿಸಿ ಓದಿ. ಗೆಳೆಯರ ಮಾತು ಕೇಳಿ, ನಿಯಮ ಒಪ್ಪಿದ ಹಚ್ಚೆಯನ್ನೇ ಅಳಿಸಲು ಹೋಗಿ ಚರ್ಮ ಕೆಡಿಸಿಕೊಳ್ಳಬೇಡಿ.

ಹಚ್ಚೆ ತೊಳೆದರೆ ಹೋಗುವುದಿಲ್ಲ, ಏಕೆ?

ನಮ್ಮ ಚರ್ಮದ ಮೇಲ್ಪದರ ಸತತವಾಗಿ ಉದುರಿ ಹೊಸದಾಗುತ್ತದೆ. ಹಚ್ಚೆಯ ಬಣ್ಣ ಇರುವುದು ಅದರ ಕೆಳಗಿನ ಪದರದಲ್ಲಿ. ಸೂಜಿ ಚುಚ್ಚಿದಾಗ ಒಳಹೋದ ಬಣ್ಣವನ್ನು ದೇಹ ಪರಕೀಯ ವಸ್ತು ಎಂದು ತಿಳಿದು, ಮ್ಯಾಕ್ರೋಫೇಜ್ ಎಂಬ ಕಾವಲು ಜೀವಕೋಶಗಳಿಂದ ನುಂಗಿಸುತ್ತದೆ. ಆದರೆ ಬಣ್ಣದ ಕಣಗಳು ದೊಡ್ಡವು. ನುಂಗಿದ ಜೀವಕೋಶ ಅವನ್ನು ಕರಗಿಸಲಾರದು, ಹೊತ್ತುಕೊಂಡು ಹೋಗಲೂ ಆರದು, ಅಲ್ಲೇ ಕುಳಿತುಬಿಡುತ್ತದೆ. 2018ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಇಲಿಗಳ ಮೇಲೆ ನಡೆಸಿದ ಅಧ್ಯಯನದಲ್ಲಿ, ಹಳೆಯ ಜೀವಕೋಶ ಸತ್ತಾಗ ಅದು ಬಿಟ್ಟ ಬಣ್ಣವನ್ನು ಹೊಸ ಜೀವಕೋಶ ನುಂಗುವುದನ್ನು ಕಂಡರು. ನಮ್ಮ ಅಜ್ಜಿಯರ ಕೈಮೇಲಿನ ಹಚ್ಚೆ ಅರವತ್ತು ವರ್ಷವಾದರೂ ಮಾಸದೆ ಇರುವುದು ಹೀಗೆ.

ಲೇಸರ್ ಮಾಡುವ ಕೆಲಸ

ಲೇಸರ್ ಎಂದರೆ ಒಂದೇ ಬಣ್ಣದ, ಒಂದೇ ದಿಕ್ಕಿನ ತೀಕ್ಷ್ಣ ಬೆಳಕು. ಮೊದಲ ಲೇಸರನ್ನು ಅಮೆರಿಕದ ಥಿಯೊಡೋರ್ ಮೈಮನ್ 1960ರಲ್ಲಿ ತಯಾರಿಸಿದರು. ಸುತ್ತಲಿನ ಚರ್ಮ ಸುಡದಂತೆ ಬೇಕಾದ ಕಣವನ್ನಷ್ಟೇ ಬಿಸಿ ಮಾಡಬಹುದು ಎಂಬ ತತ್ವವನ್ನು ಆಂಡರ್ಸನ್ ಮತ್ತು ಪ್ಯಾರಿಶ್ ಎಂಬ ವೈದ್ಯರು 1983ರಲ್ಲಿ ವಿವರಿಸಿದರು. ಇಂದಿನ ಹಚ್ಚೆ ಚಿಕಿತ್ಸೆ ನಿಂತಿರುವುದು ಅದರ ಮೇಲೆ.

ಹಚ್ಚೆಗೆ ಬಳಸುವ ಕ್ಯೂ-ಸ್ವಿಚ್ಡ್ ಲೇಸರ್ ಕೆಲವೇ ನ್ಯಾನೋಸೆಕೆಂಡು ಮಿಂಚುತ್ತದೆ. ಒಂದು ನ್ಯಾನೋಸೆಕೆಂಡು ಎಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು. ಅಷ್ಟರಲ್ಲಿ ಬಣ್ಣದ ಕಣ ಸಿಡಿದು ಚೂರಾಗುತ್ತದೆ. ಪಿಕೋ ಲೇಸರ್ ಇದಕ್ಕಿಂತಲೂ ಚುರುಕು.

ಇಲ್ಲೊಂದು ಮುಖ್ಯ ಮಾತು. ಲೇಸರ್ ಬಣ್ಣವನ್ನು ಒಡೆಯುತ್ತದೆ ಅಷ್ಟೇ. ಚೂರುಗಳನ್ನು ಹೊತ್ತು ಹಾಕುವುದು ನಿಮ್ಮ ದೇಹವೇ. ಅದಕ್ಕೆ ವಾರಗಟ್ಟಲೆ ಸಮಯ ಬೇಕು. ದುಡ್ಡು ಹೆಚ್ಚು ಕೊಟ್ಟರೂ ದೇಹ ಅವಸರ ಮಾಡುವುದಿಲ್ಲ.

ಎಷ್ಟು ಸಲ? ಎಷ್ಟು ದಿನ?

ಸಾಮಾನ್ಯವಾಗಿ 6ರಿಂದ 10 ಸಲ, ಕೆಲವರಿಗೆ ಅದಕ್ಕಿಂತ ಹೆಚ್ಚು. ಎರಡು ಸಲದ ನಡುವೆ 6ರಿಂದ 8 ವಾರ ಅಂತರ ಇರಬೇಕು. ಲೆಕ್ಕ ಹಾಕಿ: 8 ಸಲ ಎಂದರೂ ಸುಮಾರು ಒಂದು ವರ್ಷ. ಎರಡು ತಿಂಗಳಲ್ಲಿ ಮುಗಿಸುತ್ತೇವೆ ಎಂದು ವಾರಕ್ಕೊಮ್ಮೆ ಲೇಸರ್ ಹೊಡೆಯುವವರು ನಿಮ್ಮ ಚರ್ಮವನ್ನು ಸುಡುತ್ತಾರೆ.

ಇಟಲಿಯಲ್ಲಿ 352 ಜನರನ್ನು ಪರೀಕ್ಷಿಸಿದ ಒಂದು ಅಧ್ಯಯನ 2012ರಲ್ಲಿ ಪ್ರಕಟವಾಯಿತು. 10 ಸಲದ ನಂತರ ಹಚ್ಚೆ ಯಶಸ್ವಿಯಾಗಿ ಹೋದದ್ದು ಅರ್ಧಕ್ಕಿಂತ ಸ್ವಲ್ಪ ಕಡಿಮೆ ಜನರಿಗೆ. 15 ಸಲದ ನಂತರ ಸುಮಾರು ಮುಕ್ಕಾಲು ಪಾಲು ಜನರಿಗೆ. ಬೀಡಿ-ಸಿಗರೇಟು ಸೇದುವವರಲ್ಲಿ ಫಲಿತಾಂಶ ಬಹಳ ಕಡಿಮೆ ಇತ್ತು.

ಯಾರಿಗೆ ಬೇಗ, ಯಾರಿಗೆ ತಡ ಎಂಬುದಕ್ಕೆ ಕೆಲವು ಕಾರಣಗಳಿವೆ:

- ಕಪ್ಪು ಬಣ್ಣ ಬೇಗ ಒಡೆಯುತ್ತದೆ. ಹಸಿರು, ಹಳದಿ, ತಿಳಿನೀಲಿ ಹಟಮಾರಿ ಬಣ್ಣಗಳು.
- ಸೂಜಿಯಿಂದ ಕೈಯಲ್ಲೇ ಹಾಕಿದ ಹಳೆಯ ಹಚ್ಚೆಯಲ್ಲಿ ಬಣ್ಣ ಕಡಿಮೆ. ಅಂಗಡಿಯ ಮಷೀನಿನ ದಟ್ಟ ಟ್ಯಾಟೂವಿಗಿಂತ ಬೇಗ ಹೋಗುತ್ತದೆ.
- ಕುತ್ತಿಗೆ, ಎದೆಯ ಕಡೆ ರಕ್ತ ಸಂಚಾರ ಹೆಚ್ಚು, ಬೇಗ ಮಾಸುತ್ತದೆ. ಕೈಬೆರಳು, ಪಾದದ ಕಡೆ ತಡ.
- ಹಳೆಯ ಹೆಸರಿನ ಮೇಲೆ ಇನ್ನೊಂದು ಚಿತ್ರ ಬರೆಸಿದ್ದರೆ ಎರಡು ಪದರ ಬಣ್ಣ, ಎರಡು ಪಟ್ಟು ಕಷ್ಟ.

ಪೂರ್ತಿ ಅಳಿಯುತ್ತದೆ ಎಂದು ಯಾವ ವೈದ್ಯರೂ ಖಾತ್ರಿ ಕೊಡಲಾರರು. ಹಲವರಿಗೆ ತಿಳಿಯಾದ ನೆರಳು ಉಳಿಯುತ್ತದೆ.

ಚಿಕಿತ್ಸೆಯ ದಿನ

ಚುಚ್ಚುವ ನೋವು ಕಡಿಮೆಯಾಗಲು ಮುಕ್ಕಾಲು ತಾಸು, ಒಂದು ತಾಸು ಮೊದಲು ಮರಗಟ್ಟಿಸುವ ಮುಲಾಮು ಹಚ್ಚುತ್ತಾರೆ. ಆಮೇಲೆ ಕಣ್ಣಿಗೆ ಕನ್ನಡಕ ಹಾಕಬೇಕು. ಇದು ಕಡ್ಡಾಯ, ಲೇಸರ್ ಬೆಳಕು ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಲೇಸರ್ ತಾಗುವಾಗ ಒಗ್ಗರಣೆಯ ಎಣ್ಣೆ ಸಿಡಿದಂತೆ ಚುರುಚುರು ಎನ್ನುತ್ತದೆ. ಚಿಕ್ಕ ಹಚ್ಚೆಯಾದರೆ ಕೆಲವೇ ನಿಮಿಷದ ಕೆಲಸ.

ಲೇಸರ್ ತಾಗಿದ ಕೂಡಲೇ ಆ ಜಾಗ ಬೆಳ್ಳಗಾಗುತ್ತದೆ. "ನೋಡ್ರಿ, ಹೋತು!" ಎಂದು ಕೆಲವರು ಹಿಗ್ಗುತ್ತಾರೆ. ಅದು ಒಳಗಿನ ಹಬೆಯ ಗುಳ್ಳೆಗಳಿಂದ ಆದ ಬಿಳುಪು. ಅರ್ಧ ತಾಸಿನೊಳಗೆ ಇಳಿದು ಹಚ್ಚೆ ಮತ್ತೆ ಕಾಣುತ್ತದೆ. ಆಗ "ಮೋಸ ಆತು" ಎಂದು ಗಾಬರಿಯಾಗಬೇಡಿ. ಮುಂದಿನ ವಾರಗಳಲ್ಲಿ ನಿಧಾನವಾಗಿ ತಿಳಿಯಾಗುತ್ತದೆ.

ಮನೆಯಲ್ಲಿ ಆರೈಕೆ

ಕೆಂಪಾಗುವುದು, ಬಾವು, ಒಂದೆರಡು ದಿನದಲ್ಲಿ ನೀರುಗುಳ್ಳೆ ಏಳುವುದು ಸಾಮಾನ್ಯ. ಒಂದೆರಡು ವಾರದಲ್ಲಿ ಹಕ್ಕಳೆ ಕಟ್ಟಿ ಮಾಯುತ್ತದೆ. ಅಷ್ಟು ದಿನ:

1. ಗುಳ್ಳೆ ಒಡೆಯಬೇಡಿ, ಹಕ್ಕಳೆ ಕೀಳಬೇಡಿ.
2. ಸ್ವಚ್ಛ ನೀರಿನಿಂದ ಮೆಲ್ಲಗೆ ತೊಳೆದು, ವೈದ್ಯರು ಬರೆದುಕೊಟ್ಟ ಮುಲಾಮು ಹಚ್ಚಿ, ತೆಳು ಪಟ್ಟಿ ಕಟ್ಟಿ. ಅರಿಷಿಣ, ಸುಣ್ಣ, ಟೂತ್‌ಪೇಸ್ಟ್ ಬೇಡ.
3. ಬಿಸಿಲಿಗೆ ತೋರಿಸಬೇಡಿ. ತುಂಬುತೋಳಿನ ಅಂಗಿ ಹಾಕಿ. ಗಾಯ ಮಾಯ್ದ ಮೇಲೆ ಸನ್‌ಸ್ಕ್ರೀನ್ ಹಚ್ಚಿ.
4. ಕೀವು, ಜ್ವರ, ಹೆಚ್ಚುತ್ತಾ ಹೋಗುವ ನೋವು ಕಂಡರೆ ಅದೇ ದಿನ ವೈದ್ಯರನ್ನು ಕಾಣಿ.

ಯಾವ ತೊಂದರೆ ಆಗಬಹುದು?

ನಮ್ಮ ಚರ್ಮದಲ್ಲಿ ಸಹಜ ಕಪ್ಪು ಬಣ್ಣ ಹೆಚ್ಚು. ಲೇಸರ್ ಅದನ್ನೂ ಹಿಡಿಯಬಹುದು. ಆಗ ಹಚ್ಚೆ ಇದ್ದ ಜಾಗ ಸುತ್ತಲಿಗಿಂತ ಕಪ್ಪಾಗಬಹುದು ಅಥವಾ ಬೆಳ್ಳಗಾಗಬಹುದು. ಬಹಳಷ್ಟು ಸಲ ತಿಂಗಳುಗಳಲ್ಲಿ ಸರಿಹೋಗುತ್ತದೆ. ಕೆಲವರಿಗೆ ಉಳಿದೂ ಬಿಡುತ್ತದೆ. ಕಪ್ಪು ಚರ್ಮಕ್ಕೆ ಹೆಚ್ಚು ಸುರಕ್ಷಿತವೆಂದು ಹೇಳುವುದು 1064 ನ್ಯಾನೋಮೀಟರ್ ಎನ್‌ಡಿ-ಯಾಗ್ ಲೇಸರ್. ಇದು ಆಳಕ್ಕೆ ಇಳಿಯುತ್ತದೆ, ಮೇಲ್ಪದರವನ್ನು ಕಡಿಮೆ ಸುಡುತ್ತದೆ. ಯಾವ ಲೇಸರ್ ಎಂದು ಕೇಳುವುದು ನಿಮ್ಮ ಹಕ್ಕು.

ಬಿಳಿ, ತಿಳಿಗುಲಾಬಿ, ಮೈಬಣ್ಣದ ಟ್ಯಾಟೂವಿಗೆ ಲೇಸರ್ ತಾಗಿದರೆ ಅದು ಅಳಿಯುವ ಬದಲು ಕಪ್ಪಾಗಬಹುದು. ಆದ್ದರಿಂದ ಮೊದಲು ಒಂದು ಚಿಕ್ಕ ಚುಕ್ಕೆಯಷ್ಟು ಜಾಗದಲ್ಲಿ ಪರೀಕ್ಷಿಸಿ ನೋಡಬೇಕು. ಗಾಯವಾದಲ್ಲೆಲ್ಲ ಉಬ್ಬಿದ ಕಲೆ ಬೆಳೆಯುವವರು, ಗರ್ಭಿಣಿಯರು, ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರು, ಹಚ್ಚೆಯ ಜಾಗದಲ್ಲಿ ತುರಿಕೆ-ಅಲರ್ಜಿ ಇರುವವರು, ಮೊಡವೆಗೆ ಗುಳಿಗೆ ನುಂಗುತ್ತಿರುವವರು ವೈದ್ಯರಿಗೆ ಮುಚ್ಚುಮರೆಯಿಲ್ಲದೆ ಹೇಳಬೇಕು.

ಬಣ್ಣದಲ್ಲಿ ಏನಿದೆ ಎಂಬುದೂ ಚಿಂತೆಯ ವಿಷಯವೇ. ಟ್ಯಾಟೂ ಶಾಯಿಯ ಮಾದರಿಗಳಲ್ಲಿ ಆರ್ಸೆನಿಕ್, ಕ್ರೋಮಿಯಂ ಸೇರಿ 22 ಲೋಹಗಳು ಕಂಡುಬಂದಿವೆ ಎಂದು 2025ರಲ್ಲಿ ನಮ್ಮ ರಾಜ್ಯದ ಆರೋಗ್ಯ ಸಚಿವರಾದ ದಿನೇಶ್ ಗುಂಡೂರಾವ್ ತಿಳಿಸಿದರು. ಇನ್ನು ಜಾತ್ರೆಯಲ್ಲಿ ಒಂದೇ ಸೂಜಿಯಿಂದ ಹತ್ತು ಜನರಿಗೆ ಚುಚ್ಚಿದ್ದರೆ ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಸರಕಾರಿ ಆಸ್ಪತ್ರೆಗಳ ಐಸಿಟಿಸಿ ಕೇಂದ್ರಗಳಲ್ಲಿ ಎಚ್‌ಐವಿ ಪರೀಕ್ಷೆ ಉಚಿತ, ಗುಟ್ಟಾಗಿ ಇಡುತ್ತಾರೆ.

ಇವನ್ನು ಖಂಡಿತ ಮಾಡಬೇಡಿ

ಆ್ಯಸಿಡ್ ಹಚ್ಚುವುದು, ಉಪ್ಪು ಹಾಕಿ ಉಜ್ಜುವುದು, ಕಾದ ಕಬ್ಬಿಣ ಅಥವಾ ಊದುಬತ್ತಿಯಿಂದ ಸುಡುವುದು, ಬ್ಲೇಡಿನಿಂದ ಕೆರೆಯುವುದು. ಬಣ್ಣ ಒಳಪದರದಲ್ಲಿದೆ ಎಂದು ಮೇಲೆ ಓದಿದಿರಿ. ಅಲ್ಲಿಯವರೆಗೆ ಸುಟ್ಟರೆ ಉಳಿಯುವುದು ಜೀವನಪೂರ್ತಿ ಗಾಯದ ಕಲೆ. ಭರ್ತಿಯ ವೈದ್ಯಕೀಯ ಪರೀಕ್ಷೆಯಲ್ಲಿ ಆ ಕಲೆಯೇ ಇನ್ನೊಂದು ಪ್ರಶ್ನೆಯಾದೀತು. "ಟ್ಯಾಟೂ ಅಳಿಸುವ ಕ್ರೀಮು" ಎಂದು ಮಾರುವ ಮುಲಾಮುಗಳೂ ಬಣ್ಣವಿರುವ ಆಳಕ್ಕೆ ಇಳಿಯುವುದಿಲ್ಲ.

ಎಲ್ಲಿಗೆ ಹೋಗಬೇಕು? ಏನು ಕೇಳಬೇಕು?

ಬ್ಯೂಟಿ ಪಾರ್ಲರಿಗೆ ಅಲ್ಲ, ಟ್ಯಾಟೂ ಅಂಗಡಿಗೂ ಅಲ್ಲ. ಚರ್ಮರೋಗ ತಜ್ಞರ ಹತ್ತಿರ ಹೋಗಿ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಜನ ಈಗಲೂ ಕಿಮ್ಸ್ ಎಂದೇ ಕರೆಯುವ ಸರಕಾರಿ ಆಸ್ಪತ್ರೆಯ ಚರ್ಮರೋಗ ವಿಭಾಗದಲ್ಲಿ ಮೊದಲು ತೋರಿಸಿ, ಸಲಹೆ ಪಡೆದುಕೊಳ್ಳಿ. ಖಾಸಗಿ ಕ್ಲಿನಿಕ್ ಆದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರ ಪ್ರಕಾರ ನೋಂದಣಿ ಆಗಿರಬೇಕು, ದರಪಟ್ಟಿಯನ್ನೂ ಜನರಿಗೆ ಕಾಣುವಂತೆ ಹಾಕಿರಬೇಕು. ಹೋದಾಗ ಸಂಕೋಚಪಡದೆ ಈ ಐದು ಪ್ರಶ್ನೆ ಕೇಳಿ:

1. ಲೇಸರ್ ಹಿಡಿಯುವವರು ಯಾರು? ವೈದ್ಯರೋ, ಸಹಾಯಕರೋ?
2. ಯಾವ ಲೇಸರ್? ನನ್ನ ಮೈಬಣ್ಣಕ್ಕೆ ಸರಿಯೇ?
3. ಸುಮಾರು ಎಷ್ಟು ಸಲ ಬರಬೇಕು?
4. ಒಂದು ಸಲಕ್ಕೆ ಎಷ್ಟು ಖರ್ಚು? ರಸೀದಿ ಕೊಡುವಿರಾ?
5. ಕಲೆ ಉಳಿದರೆ ಮುಂದೇನು ಮಾಡುವಿರಿ?

"ಒಂದೇ ಸಿಟ್ಟಿಂಗ್, ನೂರಕ್ಕೆ ನೂರು ಗ್ಯಾರಂಟಿ, ಪೂರ್ತಿ ಹಣ ಮೊದಲೇ ಕಟ್ಟಿ" ಎನ್ನುವ ಕಡೆಯಿಂದ ಎದ್ದು ಬನ್ನಿ.

ಸಾಲಕ್ಕೆ ಮುಂಚೆ ಲೆಕ್ಕ

ಖರ್ಚು ಹಚ್ಚೆಯ ಗಾತ್ರ ಮತ್ತು ಯಂತ್ರದ ಮೇಲೆ ಹೋಗುತ್ತದೆ. ಒಂದು ಸಲಕ್ಕೆ 5,000 ರೂಪಾಯಿ ಎಂದರೆ 8 ಸಲಕ್ಕೆ 40,000. ಮೇಲೆ ಮುಲಾಮು, ಬಸ್ಸಿನ ಖರ್ಚು, ತಪ್ಪಿದ ದಿನದ ಕೂಲಿ. ಇದು ನಿಗದಿಯಾದ ದರವಲ್ಲ, ಲೆಕ್ಕ ಹಾಕುವ ರೀತಿ ಮಾತ್ರ. ಮೊದಲ ಸಲಕ್ಕೆ ಸಾಲ ಮಾಡಿ, ಎರಡನೆಯದಕ್ಕೆ ಹಣವಿಲ್ಲದೆ ನಿಲ್ಲಿಸಿದರೆ ಅರ್ಧ ಮಾಸಿದ ಹಚ್ಚೆಯೂ ಉಳಿಯುತ್ತದೆ, ಸಾಲವೂ ಉಳಿಯುತ್ತದೆ. ಎರಡು ಸಲದ ನಡುವೆ ಹೇಗೂ ಎರಡು ತಿಂಗಳು ಬಿಡುವು ಇರುತ್ತದೆ. ಆ ಅವಧಿಯಲ್ಲಿ ದುಡಿದು ಉಳಿಸಿದ ಹಣದಲ್ಲೇ ಮುಂದಿನ ಸಲಕ್ಕೆ ಹೋಗುವುದು ಜಾಣತನ.

ಇನ್ನು ಆ ತಾಯಿಯ ವಿಷಯ. ಮುಂದಿನ ಸಭೆಗೆ ಅವರು ಮಗನನ್ನೇ ಕರೆತಂದರು. ಹೆಸರು ಬರೆಸಿದ್ದು ಎಡ ಮುಂಗೈಯ ಒಳಮೈ ಮೇಲೆ, ಎರಡು ಬೆರಳಿನಷ್ಟು ಅಗಲ. ಭೂಸೇನೆಯ ಪ್ರಕಟಣೆಯನ್ನು ಅವನಿಂದಲೇ ಗಟ್ಟಿಯಾಗಿ ಓದಿಸಿದೆವು. ಓದಿ ಮುಗಿಸಿದವನು ತಾಯಿಯ ಮುಖ ನೋಡಿ, "ಯವ್ವಾ, ಇದು ನಡೀತೈತಿ" ಎಂದ. ಸಾಲದ ಅರ್ಜಿ ವಾಪಸ್ಸಾಯಿತು. ಅವನ ಜೊತೆ ಬಂದಿದ್ದ ಗೆಳೆಯನಿಗೆ ಮಾತ್ರ ಹಚ್ಚೆ ಇದ್ದದ್ದು ತೋಳಿನ ಮೇಲೆ. ಈ ಸಲದ ಭರ್ತಿಗೆ ಅದು ಅಳಿಯಲಾರದು ಎಂದು ಅವನಿಗೆ ನೇರವಾಗಿ ಹೇಳಿದೆವು. ಸಪ್ಪಗಾದ. ಆದರೆ ಬೀಡಿ ಬಿಟ್ಟು, ಈಗಲೇ ವೈದ್ಯರನ್ನು ಕಂಡು ಶುರು ಮಾಡಿದರೆ ಮುಂದಿನ ವರ್ಷಕ್ಕೆ ದಾರಿ ಇದ್ದೀತು ಎಂದೂ ತಿಳಿಸಿದೆವು. ಸುಳ್ಳು ಭರವಸೆಗಿಂತ ಆ ಒಂದು ವರ್ಷದ ನಿಜವೇ ಅವನಿಗೆ ಹೆಚ್ಚು ಉಪಯೋಗಕ್ಕೆ ಬಂದೀತು.

ಸಂಘದ ಸಭೆಯಲ್ಲಿ ಚರ್ಚಿಸಲು

1. ನಮ್ಮ ಓಣಿಯ ಮಕ್ಕಳು ಎಲ್ಲಿ, ಯಾರಿಂದ ಹಚ್ಚೆ ಹಾಕಿಸಿಕೊಳ್ಳುತ್ತಿದ್ದಾರೆ? ಸೂಜಿ ಬದಲಿಸುತ್ತಾರೆಯೇ?
2. ಹಚ್ಚೆ ಹಾಕಿಸಿಕೊಳ್ಳುವ ಮೊದಲೇ ನೌಕರಿಯ ನಿಯಮಗಳನ್ನು ಮಕ್ಕಳಿಗೆ ತಿಳಿಸುವುದು ಹೇಗೆ?
3. ಚಿಕಿತ್ಸೆಗೆ ಸಾಲ ಕೇಳಿದವರಿಗೆ ಪೂರ್ತಿ ಖರ್ಚಿನ ಲೆಕ್ಕ ಹಾಕಿಕೊಡಲು ನಮ್ಮ ಸಂಘ ಏನು ಮಾಡಬಹುದು?