ಬಂದದ್ದಕ್ಕೆ ಎಷ್ಟು, ಮಾಡಿದ್ದಕ್ಕೆ ಎಷ್ಟು

ರಾತ್ರಿ 9 ಗಂಟೆ ದಾಟಿದ ಮೇಲೆ ನಮ್ಮ ಯಾವಗಲ್ ಊರೊಳಗೆ ಯಾರು ಪ್ಲಂಬಿಂಗ್ ಕೆಲಸಕ್ಕೆ ಕರೆದರೂ ಕೂಲಿಯ ಮೇಲೆ 200 ರೂಪಾಯಿ ಹೆಚ್ಚಿಗೆ ತೆಗೆದುಕೊಳ್ಳುತ್ತೇನೆ. ಸುತ್ತಲಿನ ಊರಾದರೆ 350. ಇದನ್ನು ಮನೆ ಬಿಡುವ ಮೊದಲೇ ಫೋನಿನಲ್ಲಿ ಹೇಳಿಬಿಡುತ್ತೇನೆ. ಕೇಳಿ ಸಿಟ್ಟಾಗುವವರಿದ್ದಾರೆ. "ಊರಾಗಿನವ್ರಿಗೂ ರೇಟ್ ಹೇಳ್ತಿಯೇನೋ ತಮ್ಮಾ" ಎಂದು ಕೇಳಿದ ಕಾಕಾಗಳೂ ಇದ್ದಾರೆ. ಹೌದು, ಊರಿನವರಿಗೇ ಮೊದಲು ಹೇಳಬೇಕು. ಪರಊರಿನವರ ಜೊತೆ ದುಡ್ಡಿನ ವಿಷಯಕ್ಕೆ ಮನಸ್ಸು ಕೆಟ್ಟರೆ ಒಂದು ಗಿರಾಕಿ ಹೋಯಿತು, ಅಷ್ಟೇ. ಊರಿನವರ ಜೊತೆ ಕೆಟ್ಟರೆ ಚಹಾದಂಗಡಿ ಮುಂದೆ ವರ್ಷಾನುಗಟ್ಟಲೆ ಮುಖ ತಪ್ಪಿಸಿಕೊಂಡು ಓಡಾಡಬೇಕು.

ನಮ್ಮ ಕಡೆ ನಲ್ಲಿ, ಮೋಟಾರು, ಕರೆಂಟಿನ ಕೆಲಸದವರೆಲ್ಲ ಬಾಯಿಪಾಠ ಮಾಡಿಕೊಂಡ ಮಾತೊಂದಿದೆ. ಕೆಲಸ ಮುಗಿಸಿ ಕೈ ತೊಳೆಯುವಾಗ ಯಜಮಾನರು "ಎಷ್ಟಾತಪಾ?" ಅನ್ನುತ್ತಾರೆ. ಇವನು ನೆಲ ನೋಡುತ್ತ "ತಿಳಿದಷ್ಟು ಕೊಡ್ರಿ" ಅನ್ನುತ್ತಾನೆ. ಹಗಲಿನಲ್ಲಿ ಇದು ನಡೆಯುತ್ತದೆ. ಒಂದು ನಲ್ಲಿ ಬದಲಿಸಲು, ಒಂದು ಬಾಲ್ ವಾಲ್ವ್ ಕೂಡಿಸಲು ಎಷ್ಟು ಎಂಬುದು ಓಣಿಗೆಲ್ಲ ಗೊತ್ತಿರುತ್ತದೆ. ರಾತ್ರಿ ಹನ್ನೆರಡಕ್ಕೆ ಎದ್ದು ಬಂದವನಿಗೆ ಎಷ್ಟು ಎಂಬುದು ಮಾತ್ರ ಯಾರಿಗೂ ಗೊತ್ತಿಲ್ಲ. ಹಾಗಾಗಿ ಒಂದು ಮನೆಯವರು ನೂರು ಕೊಟ್ಟು ಬಾಗಿಲು ಹಾಕಿಕೊಳ್ಳುತ್ತಾರೆ, ಇನ್ನೊಂದು ಮನೆಯವರು ಗಾಬರಿಯಲ್ಲಿ ಸಾವಿರ ಕೊಟ್ಟು ಬೆಳಗ್ಗೆ ಎದ್ದು ಹಳಹಳಿಸುತ್ತಾರೆ. ತಿಳಿದಷ್ಟು ಕೊಡಿ ಎನ್ನುವುದು ವಿನಯದಂತೆ ಕೇಳಿಸುತ್ತದೆ. ನಿಜದಲ್ಲಿ ಅದು ಲೆಕ್ಕ ಹಾಕುವ ಕಷ್ಟವನ್ನು ಗಿರಾಕಿಯ ತಲೆಗೆ ಕಟ್ಟುವುದು.

ಪೈಪು ಏಕೆ ಒಡೆಯುತ್ತದೆ ಎಂದು ಕೇಳುವವರಿಗೆ ನಮ್ಮ ನೆಲ ತೋರಿಸಬೇಕು. ಇದು ಎರೆ ಭೂಮಿ. ಬೇಸಿಗೆಯಲ್ಲಿ ಒಣಗಿ ಕೈ ತೂರುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಒಳಗೆ ಹೂತ ಪೈಪು ವರ್ಷಕ್ಕೊಮ್ಮೆ ಆ ಕಡೆ ಈ ಕಡೆ ಎಳೆದಾಡಿಸಿಕೊಂಡು ಕೊನೆಗೆ ಎಲ್ಬೋ ಹತ್ತಿರ ಸೀಳುತ್ತದೆ. ಬೋರಿನ ನೀರು ಸವಳು. ಅದರ ಬಿಳಿ ಉಪ್ಪು ಬಾಲ್ ವಾಲ್ವಿನ ತೂತಿನಲ್ಲಿ ಕಟ್ಟಿಕೊಂಡು, ಟಾಕಿ ತುಂಬಿದರೂ ನೀರು ನಿಲ್ಲದೆ ಹರಿಯುತ್ತದೆ. ನಲ್ಲಿಯ ನೀರು ದಿನಾ ಬರುವುದಿಲ್ಲವಾದ್ದರಿಂದ, ಬಂದ ದಿನ ತುಂಬಿಟ್ಟ ಸಿಂಟೆಕ್ಸ್ ಒಂದೇ ರಾತ್ರಿಯಲ್ಲಿ ಖಾಲಿಯಾದರೆ ಮುಂದಿನ ಸರದಿಯವರೆಗೆ ಮನೆಯವರು ಕೊಡ ಹಿಡಿದು ಅಲೆಯಬೇಕು. ಸೋರುವ ಪೈಪಿಗಿಂತ ಆ ಭಯವೇ ಅವರಿಂದ ರಾತ್ರಿಯೇ ಫೋನ್ ಮಾಡಿಸುತ್ತದೆ. ರಾತ್ರಿ ಕೆಲಸದ ದರ ಕೆಡುವುದೂ ಅಲ್ಲಿಯೇ. ಗಿರಾಕಿಯ ಭಯ ನೋಡಿ ದರ ಹೇಳುವ ಪ್ಲಂಬರನಿಗೆ ಒಂದು ರಾತ್ರಿಗೆ ಲಾಭವಾಗಬಹುದು. ನಾನು ನನ್ನ ಖರ್ಚು ನೋಡಿ ಹೇಳುತ್ತೇನೆ.

ಖರ್ಚು ಎಂದರೆ ಏನೆಂದು ಬಿಡಿಸಿ ಹೇಳುತ್ತೇನೆ. ಹಗಲು ದುಡಿಮೆ ನನಗೆ ದಿನಕ್ಕೆ ಸುಮಾರು 900 ರೂಪಾಯಿ. ರಾತ್ರಿ ಎರಡಕ್ಕೆ ಮರಳಿ ಬಂದು ಮಲಗಿದರೆ ಬೆಳಗ್ಗೆ 7ರ ಕೆಲಸಕ್ಕೆ ಏಳಲಾಗುವುದಿಲ್ಲ. ಅದು ದಿನದ ಕಾಲು ಭಾಗ, ಅಂದರೆ 200ರಿಂದ 225. ಪಕ್ಕದ ಊರಾದರೆ ಮೇಲೆ ಗಾಡಿಯ ಪೆಟ್ರೋಲು, ಕತ್ತಲ ದಾರಿ, ಪಾನಾ ಹಿಡಿಯಲು ಜೊತೆಗೆ ಬರುವ ಹುಡುಗನಿಗೆ ನೂರು. 200 ಮತ್ತು 350 ಹುಟ್ಟಿದ್ದು ಹೀಗೆ. ಕೆಲಸದ ಕೂಲಿಯನ್ನು ಮಾತ್ರ ರಾತ್ರಿಗೂ ಹೆಚ್ಚಿಸುವುದಿಲ್ಲ. ಬಾಲ್ ವಾಲ್ವ್ ಕೂಡಿಸಲು ಹಗಲಿಗೆ 200 ಆದರೆ ರಾತ್ರಿಗೂ 200. ವಾಲ್ವಿನ ಬೆಲೆ 180 ಎಂದಿಟ್ಟುಕೊಳ್ಳಿ, ಹಗಲು ಆ ಮನೆಗೆ ಒಟ್ಟು 380 ಬೀಳುತ್ತದೆ, ನಡುರಾತ್ರಿ 580.

ಎರಡು ಪಟ್ಟು ಕೇಳಿದರೇನು ತಪ್ಪು ಎಂದು ನನ್ನ ಗೆಳೆಯನೊಬ್ಬ ವಾದಿಸುತ್ತಾನೆ. ಅವನೂ ಇದೇ ಕಸುಬಿನವ, ಗದಗಿನಲ್ಲಿದ್ದಾನೆ. ಅವನ ಬಳಿ ಆಧಾರವೂ ಇದೆ. 1948ರ ಕಾರ್ಖಾನೆಗಳ ಕಾಯ್ದೆಯ 59ನೇ ಕಲಮು ಹೆಚ್ಚುವರಿ ದುಡಿಮೆಗೆ ಸಾಮಾನ್ಯ ಕೂಲಿಯ ಎರಡರಷ್ಟು ಕೊಡಬೇಕು ಎಂದಿತ್ತು. 2019ರ ವೇತನ ಸಂಹಿತೆಯೂ ಅದನ್ನೇ ಹೇಳುತ್ತದೆ. ಬೆಂಗಳೂರಿನ ಆಟೊದವರಿಗೆ ರಾತ್ರಿ 10ರಿಂದ ಬೆಳಗ್ಗೆ 5ರವರೆಗೆ ಮೀಟರಿನ ಒಂದೂವರೆ ಪಟ್ಟು. ಅವು ಅವರವರ ಕಸುಬಿಗೆ ಸರಿಯಾದ ಲೆಕ್ಕಗಳು. ಕಾರ್ಖಾನೆಯ ಕೂಲಿಕಾರ ಮಾರುವುದು ತಾಸುಗಳನ್ನು, ಆಟೊದವನು ದಾರಿಯನ್ನು, ಆದ್ದರಿಂದ ಗುಣಿಸಿದರೆ ನಡೆಯುತ್ತದೆ. ನನ್ನ ಕಸುಬಿನಲ್ಲಿ ಬರುವುದು ಬೇರೆ, ಮಾಡುವುದು ಬೇರೆ. ನಿದ್ದೆ ಬಿಟ್ಟು ಬಂದದ್ದು ಐದು ನಿಮಿಷದ ಕೆಲಸಕ್ಕೂ ಅಷ್ಟೇ, ಎರಡು ತಾಸಿನ ಕೆಲಸಕ್ಕೂ ಅಷ್ಟೇ. ಪಟ್ಟು ಹಾಕಿದರೆ ಸಣ್ಣ ಕೆಲಸಕ್ಕೆ ಕರೆದ ಮನೆಯಲ್ಲಿ ನನಗೆ ನಷ್ಟ, ಗೋಡೆ ಒಡೆಸಿಕೊಂಡ ಮನೆಗೆ ಅನ್ಯಾಯ. ಗದಗಿನಂಥ ಊರಿನಲ್ಲಿ ಅವನದು ನಡೆಯುತ್ತಿರಬಹುದು. ನಾನು ಒಪ್ಪಿಲ್ಲ.

ಇನ್ನೊಂದು ಗುಟ್ಟು. ರಾತ್ರಿ ಪೂರ್ತಿ ರಿಪೇರಿ ಮಾಡುವ ಅಗತ್ಯವೇ ಬಹಳ ಸಲ ಇರುವುದಿಲ್ಲ. ಒದ್ದೆ ಪೈಪಿಗೆ ಸಲ್ಯೂಷನ್ ಹಿಡಿಯುವುದಿಲ್ಲ. ಹಿಡಿದರೂ ಅದು ಗಟ್ಟಿಯಾಗುವ ತನಕ ನೀರು ಬಿಡಬಾರದು. ಬ್ಯಾಟರಿ ಬೆಳಕಿನಲ್ಲಿ ಅವಸರಕ್ಕೆ ಹಚ್ಚಿದ ಕಪ್ಲಿಂಗು ಬೆಳಗಾಗುವುದರೊಳಗೆ ಮತ್ತೆ ಜಿನುಗುತ್ತದೆ. ಆದ್ದರಿಂದ ನಾನು ಮೊದಲು ಗೇಟ್ ವಾಲ್ವ್ ಬಂದ್ ಮಾಡುತ್ತೇನೆ. ಬಂದ್ ಮಾಡಲು ವಾಲ್ವೇ ಇಲ್ಲದಿದ್ದರೆ ಹಳೆಯ ಸೈಕಲ್ ಟ್ಯೂಬನ್ನು ಎರಡು ಬೆರಳಗಲ ಪಟ್ಟಿ ಕತ್ತರಿಸಿ, ಸೀಳಿನ ಒಂದು ಗೇಣು ಆಚೆಯಿಂದ ಎಳೆದೆಳೆದು ಸುತ್ತಿ, ಮೇಲೆ ತಂತಿ ಹಾಕಿ ಪಕ್ಕಡಿನಿಂದ ತಿರುವುತ್ತೇನೆ. ಹನಿ ಬೀಳಬಹುದು, ಟಾಕಿ ಉಳಿಯುತ್ತದೆ. ಬೆಳಗ್ಗೆ ಬಂದು ಪೈಪು ಒಣಗಿಸಿ, ಕತ್ತರಿಸಿ, ಸರಿಯಾಗಿ ಕೂಡಿಸುತ್ತೇನೆ. ಎರಡನೆಯ ಸಲ ಬಂದದ್ದಕ್ಕೆ ಹಣವಿಲ್ಲ, ಟ್ಯೂಬು ಸುತ್ತಿದ್ದಕ್ಕೂ ಬೇರೆ ಕೂಲಿ ಇಲ್ಲ.

ಸಾಮಾನಿನ ವಿಷಯವನ್ನು ನಮ್ಮ ಕಸುಬಿನವರು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ರಾತ್ರಿ ಹಾರ್ಡ್‌ವೇರ್ ಅಂಗಡಿ ತೆರೆದಿರುವುದಿಲ್ಲ. ನನ್ನ ಚೀಲದಲ್ಲಿದ್ದದ್ದೇ ಮಾಲು, ನಾನು ಹೇಳಿದ್ದೇ ಬೆಲೆ. ಕೂಲಿ ಕಡಿಮೆ ಹೇಳಿ 180ರ ವಾಲ್ವಿಗೆ 500 ಹಾಕುವವರನ್ನು ಕಂಡಿದ್ದೇನೆ. ಗಿರಾಕಿಗೆ "ಕೂಲಿ ಅಗ್ಗ, ಪಾಪ" ಅನಿಸುತ್ತದೆ! ನನ್ನ ಪ್ರಕಾರ ರಾತ್ರಿ ದರದಲ್ಲಿ ಅತಿ ದೊಡ್ಡ ಮೋಸ ಇದೇ. ಚೀಲದ ಮಾಲಿಗೆ ಅಂಗಡಿಯ ಬಿಲ್ಲಿನ ಬೆಲೆ, ಒಂದು ರೂಪಾಯಿ ಮೇಲಿಲ್ಲ. ಬೇಕಾದರೆ ಬೆಳಗ್ಗೆ ಅದೇ ಮಾಲು ತಂದು ಕೊಟ್ಟುಬಿಡಿ, ಹಣವೂ ಬೇಡ.

ಹಿರಿಯರು ಆಯದ ಮಾತು ತೆಗೆಯುತ್ತಾರೆ. ಮೊದಲು ಬಡಿಗೇರ, ಕಂಬಾರರು ಯಾವ ಹೊತ್ತಿಗೆ ಕುಂಟೆ ಮುರಿದರೂ ಮಾಡಿಕೊಡುತ್ತಿದ್ದರು, ದುಡ್ಡು ಕೇಳುತ್ತಿರಲಿಲ್ಲ ಎಂದು. ಕೇಳುತ್ತಿರಲಿಲ್ಲ ನಿಜ, ಸುಗ್ಗಿಯಲ್ಲಿ ಕಣಕ್ಕೆ ಬಂದು ಜೋಳ ಅಳೆಸಿಕೊಂಡು ಹೋಗುತ್ತಿದ್ದರು. ಅವರ ಅವೇಳೆಯ ದುಡಿಮೆಗೂ ಆ ರಾಶಿಯಲ್ಲಿ ಪಾಲಿತ್ತು. ಆಯಗಾರರ ಪಟ್ಟಿಯಲ್ಲಿ ಪ್ಲಂಬರ್ ಇರಲಿಲ್ಲ. ಹೊಸ ಪಟ್ಟಿಯಲ್ಲೂ ಇಲ್ಲ: ಕೇಂದ್ರ ಸರ್ಕಾರ 2023ರ ಸೆಪ್ಟೆಂಬರ್ 17ರಂದು ಶುರು ಮಾಡಿದ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ, ಕಂಬಾರ, ಕುಂಬಾರ, ಕ್ಷೌರಿಕ, ಗಾರೆಯವ ಎಲ್ಲರೂ ಇದ್ದಾರೆ, ನಾವಿಲ್ಲ. ದೂರು ಹೇಳುತ್ತಿಲ್ಲ. ಆದರೆ ಆಯದ ಲೆಕ್ಕ ನನಗೂ ಒಪ್ಪಿಗೆ. ಊರಿನ ಕೆಲವು ದೊಡ್ಡ ಮನೆಗಳು ಈಗ ವರ್ಷಕ್ಕೆ ಇಂತಿಷ್ಟು ಎಂದು ಕಡಲೆ ಮಾರಿದ ಮೇಲೆ ಒಟ್ಟಿಗೆ ಕೊಡುತ್ತವೆ. ಅವರಿಗೆ ರಾತ್ರಿ, ಹಗಲು ಎಂಬ ಭೇದವಿಲ್ಲ. ಮಾಲಿನ ಹಣ ಮಾತ್ರ ಬೇರೆ.

ದರ ಹಾಕದ ರಾತ್ರಿಗಳೂ ಇವೆ. ಸಾವಾದ ಮನೆಗೆ, ಬಾಣಂತಿ ಇರುವ ಮನೆಗೆ ಬಂದದ್ದರ ಹಣ ಕೇಳುವುದಿಲ್ಲ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಹೊಳೆಆಲೂರು, ಮೆಣಸಗಿ ಕಡೆಯ ಮನೆಗಳಲ್ಲಿ ಪೈಪು, ಮೋಟಾರುಗಳೆಲ್ಲ ರಾಡಿ ತುಂಬಿಕೊಂಡಾಗ ಹಗಲಿನ ಕೂಲಿಯಷ್ಟೇ ತೆಗೆದುಕೊಂಡೆ. ಇಡೀ ಸೀಮೆಗೆ ಬಂದ ಕಷ್ಟದಲ್ಲಿ ರಾತ್ರಿಯ ದರ ಎತ್ತಿದರೆ ಅದು ವ್ಯಾಪಾರವಲ್ಲ, ಸುಲಿಗೆ. ಹಾಗೆಯೇ ಬೆಣ್ಣೆಹಳ್ಳ ಬಂದ ರಾತ್ರಿಗೆ ನನ್ನ ಬಳಿ ದರವೇ ಇಲ್ಲ. ಎಷ್ಟು ಕೊಟ್ಟರೂ ಹಳ್ಳ ದಾಟುವುದಿಲ್ಲ.

ರಾತ್ರಿ ಕರೆಗಳಲ್ಲಿ ಎಷ್ಟೋ ಫೋನಿನಲ್ಲೇ ಮುಗಿಯುತ್ತವೆ. "ಯಕ್ಕಾ, ಟಾಕಿ ಕೆಳಗ ಕೆಂಪ ಚಕ್ರ ಐತಲ್ಲ, ಅದನ್ನ ಬಲಕ್ಕ ತಿರುವ್ರಿ. ನಿಂತತೇನ? ಹಂಗಾದ್ರ ಮಲಕೋರಿ, ಮುಂಜಾನೆ ಬರ್ತೀನಿ." ಇದಕ್ಕೆ ಹಣವಿಲ್ಲ. ಹೀಗೆ ಹೇಳಿ ರಾತ್ರಿಯ 200 ಕಳೆದುಕೊಳ್ಳುತ್ತೀಯ ಎಂದು ಗದಗಿನ ಗೆಳೆಯ ನಗುತ್ತಾನೆ. ಬೆಳಗಿನ ಕೆಲಸ ನನಗೇ ಬರುತ್ತದೆ, ನಿದ್ದೆಯೂ ಉಳಿಯುತ್ತದೆ.

ನಿಮ್ಮ ಮನೆಯ ಗೇಟ್ ವಾಲ್ವ್ ಎಲ್ಲಿದೆ ಎಂಬುದನ್ನು ಇವತ್ತೇ ನೋಡಿಟ್ಟುಕೊಳ್ಳಿ, ಆರು ತಿಂಗಳಿಗೊಮ್ಮೆ ತಿರುವಿ ನೋಡಿ, ಸವಳಿಗೆ ಕಚ್ಚಿಕೊಂಡಿರುತ್ತದೆ. ಹೊಸ ಮನೆ ಕಟ್ಟುತ್ತಿದ್ದರೆ ಟಾಕಿಯಿಂದ ಇಳಿಯುವ ಪ್ರತಿ ಪೈಪಿಗೂ ಒಂದೊಂದು ವಾಲ್ವ್ ಹಾಕಿಸಿ. ಪ್ಲಂಬರನನ್ನು ರಾತ್ರಿ ಕರೆಯಲೇಬೇಕಾಗಿ ಬಂದರೆ ಮೂರು ಪ್ರಶ್ನೆ ಕೇಳಿ: ಬರಲು ಎಷ್ಟು, ಮಾಡಲು ಎಷ್ಟು, ಮಾಲಿಗೆ ಬಿಲ್ಲು ಕೊಡುತ್ತೀಯಾ. ಉತ್ತರ ಕೊಡದೆ "ಬಂದು ನೋಡಿ ಹೇಳ್ತೀನ್ರಿ" ಎನ್ನುವವನಿಗೆ ಮೊದಲಿನದರ ಉತ್ತರವನ್ನಾದರೂ ಕೊಡಲು ಹೇಳಿ. ಬರುವುದಕ್ಕೆ ಎಷ್ಟು ಎಂದು ಹೇಳಲು ಅವನು ಏನನ್ನೂ ನೋಡಬೇಕಿಲ್ಲ.