ಅನಿಸಿಕೆಗೆ ಒಂದು ಪುಟದ ಸಾಕ್ಷಿ

ಓದಿನ ಹುಚ್ಚು ಹತ್ತಿಸಿಕೊಂಡಿರುವ ಮಗಳೇ,

ಓದಿ ಮುಗಿಸಿದ ಪುಸ್ತಕಗಳ ಬಗ್ಗೆ ಬರೆದಿಡುವ ಅಭ್ಯಾಸ ನಿನ್ನ ವಯಸ್ಸಿನ ಹಲವರಿಗಿದೆ, ಒಳ್ಳೆಯದೇ. ಆದರೆ ಅಂಥ ಬರಹಗಳಲ್ಲಿ ಹೆಚ್ಚಿನವು ಕಥಾಸಾರದಿಂದ ಶುರುವಾಗಿ 'ಮನ ಕಲಕುವ ಕೃತಿ, ಎಲ್ಲರೂ ಓದಲೇಬೇಕು' ಎಂಬಲ್ಲಿ ಮುಗಿಯುತ್ತವೆ. ಕಥಾಸಾರ ಬೆನ್ನುಡಿಯಲ್ಲಿ ಸಿಗುತ್ತದೆ, ಹೊಗಳಿಕೆ ಮುನ್ನುಡಿಯಲ್ಲಿ. ಓದಿದವಳು ಎಲ್ಲಿ ಹೋದಳು? ನಿನ್ನ ಅನಿಸಿಕೆಗೆ ಪುಸ್ತಕದ ಒಂದಾದರೂ ಪುಟ ಸಾಕ್ಷಿ ಹೇಳಬೇಕು. 1933ರಲ್ಲಿ ಬಂದ ಶಿವರಾಮ ಕಾರಂತರ 'ಚೋಮನ ದುಡಿ'ಯನ್ನೇ ತೆಗೆದುಕೋ. ಅಸ್ಪೃಶ್ಯತೆಯ ಕ್ರೌರ್ಯವನ್ನು ತೋರಿಸುವ ಕಾದಂಬರಿ ಎಂದು ಓದದೆಯೂ ಬರೆಯಬಹುದು. ಚೋಮನ ಹಟ್ಟಿಯಲ್ಲಿ ಎರಡು ಎತ್ತುಗಳಿವೆ, ಉಳಲು ಮಾತ್ರ ಅಂಗೈಯಗಲ ನೆಲವಿಲ್ಲ ಎಂಬುದನ್ನು ಗಮನಿಸಿದವಳು ಬರೆಯುವುದೇ ಬೇರೆ. ಎತ್ತು ಸಾಕಿಕೊಂಡು ಗದ್ದೆಗಾಗಿ ಕಾಯುವ ಆ ಹಟ ಕಣ್ಣಿಗೆ ಬಿದ್ದ ಮೇಲೆ ಅವನನ್ನು ಬರೀ 'ಪಾಪ' ಎನ್ನಲಾಗದು. ಹಾಗೆಯೇ 'ಮಲೆಗಳಲ್ಲಿ ಮದುಮಗಳು' (1967). ಅದರ ಗಾತ್ರಕ್ಕೆ ಬೆದರಿ ಮಲೆನಾಡಿನ ವರ್ಣನೆಯನ್ನಷ್ಟೇ ಹೊಗಳಿ ಸುಮ್ಮನಾಗುವವರು ಬಹಳ. ಗುತ್ತಿಯೂ ಅವನ ನಾಯಿ ಹುಲಿಯನೂ ಓಡಾಡುವ ಆ ಲೋಕದ ನಡುವೆ ಕುವೆಂಪು ಒಮ್ಮೆಲೇ ಅಮೆರಿಕದಲ್ಲಿದ್ದ ವಿವೇಕಾನಂದರನ್ನು ನೆನೆಯುತ್ತಾರೆ. ಯಾಕೆ? ಈ ಪ್ರಶ್ನೆಯ ಬೆನ್ನು ಹತ್ತಿದರೆ ನಿನ್ನದೇ ಆದ ಒಂದು ಬರಹ ಹುಟ್ಟುತ್ತದೆ.

ಅನಿಸಿಕೆ ನನ್ನದು, ಅದಕ್ಕೆ ಸಾಕ್ಷಿ ಕೇಳಲು ಇದೇನು ಕೋರ್ಟೇ ಎಂದು ನೀನು ಕೇಳಬಹುದು. ಮನಸ್ಸಿನಲ್ಲೇ ಇಟ್ಟುಕೊಳ್ಳುವುದಾದರೆ ಬೇಡ. ನಾಲ್ಕು ಜನರ ಮುಂದಿಟ್ಟಾಗ ಅದು ವಾದವಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಸಾಕ್ಷಿ ಹುಡುಕುತ್ತ ಹೋದಂತೆ ಅನಿಸಿಕೆಯೇ ಬದಲಾಗುವುದುಂಟು. ದೇವನೂರ ಮಹಾದೇವರ 'ಕುಸುಮಬಾಲೆ' ಅರ್ಥವಾಗಲಿಲ್ಲ ಎನ್ನುವವರಿದ್ದಾರೆ. ಪ್ರಾಮಾಣಿಕ ಮಾತು, ನಾಚಿಕೆಪಡಬೇಕಿಲ್ಲ. ಎಲ್ಲಿ ಅರ್ಥವಾಗಲಿಲ್ಲ ಎಂದು ನೋಡು. ನಂಜನಗೂಡು ಸೀಮೆಯ ಆಡುಮಾತು ತೊಡಕಾಗಿದ್ದರೆ ಗಟ್ಟಿಯಾಗಿ ಓದು, ಕಿವಿಗೆ ಬಿದ್ದರೆ ಅರ್ಧ ಬಿಡಿಸಿಕೊಳ್ಳುತ್ತದೆ. ದೀಪಗಳು ಜೋತಮ್ಮಂದಿರಾಗಿ ಮಾತಾಡುವುದು ಹಿಡಿಸದಿದ್ದರೆ ಅದನ್ನೇ ಬರೆ. ಕಾರಣ ಸಮೇತ ಬರೆದ ಒಲ್ಲೆನೆಂಬ ಮಾತಿಗೆ ಎರವಲು ಹೊಗಳಿಕೆಗಿಂತ ತೂಕ ಹೆಚ್ಚು.

ಹೀಗೆ ಗುರುತು ಹಾಕುತ್ತ ಕೂತರೆ ಓದಿನ ಸುಖವೇ ಹಾಳಲ್ಲವೇ ಎಂಬ ಆಕ್ಷೇಪವನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾಗದು. ಮೊದಲ ಓದಿನಲ್ಲಿ ಪೆನ್ಸಿಲ್ ಮುಟ್ಟಬೇಡ. ತೇಜಸ್ವಿಯವರ 'ಕರ್ವಾಲೊ'ದಲ್ಲಿ ಹಾರುವ ಓತಿಯ ಹಿಂದೆ ಓಡುವುದೇ ಸೊಗಸು, ಓಡಿಬಿಡು. ಅಷ್ಟು ದೊಡ್ಡ ವಿಜ್ಞಾನಿ ಕರ್ವಾಲೊ ಹಳ್ಳಿಯ ಮಂದಣ್ಣನನ್ನು ಯಾಕೆ ನೆಚ್ಚಿಕೊಂಡ ಎನ್ನುವುದು ಎರಡನೆಯ ಓದಿಗೆ ಬಿಟ್ಟ ಪ್ರಶ್ನೆ. ಇಡೀ ಕಾದಂಬರಿಗೆ ಓತಿಗಿಂತ ಮಂದಣ್ಣನೇ ಮುಖ್ಯ ಎಂಬುದು ನನ್ನ ಅಭಿಪ್ರಾಯ. ನಿನಗೆ ಬೇರೆ ಅನ್ನಿಸಿದರೆ, ಪುಟ ತೋರಿಸಿ ಬರೆದು ಕಳಿಸು.

ನಿನ್ನ ಹಿತೈಷಿ